ಒಂದು ಇಳಿತ, ಒಂದು ಅಡಿಗಲ್ಲು

ಅಡ್ಮಿರಲ್ ಆರ್.ಎಚ್. ತಹಿಲಿಯಾನಿ ಅವರ ಬಗ್ಗೆ ಯಾರೇ ಬರೆಯಲಿ, 1961ರ ಮೇ 18ರಿಂದ ಶುರುಮಾಡುತ್ತಾರೆ. ಅಂದು ಲೆಫ್ಟಿನೆಂಟ್ ಆಗಿದ್ದ ಅವರು ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಾಂತ್ ಮೇಲೆ ಮೊದಲ ಜೆಟ್ ವಿಮಾನ ಇಳಿಸಿದರು. ಬಹಳ ಮಂದಿ ಬರಹವನ್ನು ಅಲ್ಲಿಗೇ ಮುಗಿಸಿಬಿಡುತ್ತಾರೆ ಕೂಡ. ಈ 'ಮೊದಲಿಗ'ನ ಕೀರ್ತಿ ಅವರ ಉಳಿದ ಸೇವೆಯನ್ನು ನುಂಗಿಹಾಕಿದೆ ಎಂಬುದೇ ನನ್ನ ತಕರಾರು. ನಮ್ಮ ಹೊಸರಿತ್ತಿಯಲ್ಲಿ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರಿಗೂ ಹೀಗೇ ಆಗಿದೆ. 1943ರ ಏಪ್ರಿಲ್ 1ರ ಬಲಿದಾನ ಎಲ್ಲರಿಗೂ ಗೊತ್ತು. ಕೊರಡೂರಿನ ಆಶ್ರಮದಲ್ಲಿ ಅವರು ಮಾಡಿದ ಕೆಲಸ ಎಷ್ಟು ಜನರಿಗೆ ನೆನಪಿದೆ?

ತಹಿಲಿಯಾನಿ ಅವರ ಆ ಇಳಿತವನ್ನಾದರೂ ಸರಿಯಾಗಿ ನೋಡಿದ್ದೇವೆಯೇ? ನೆಲದ ರನ್‌ವೇಯಲ್ಲಿ ಗಾಲಿ ತಾಗಿದ ಕೂಡಲೇ ಪೈಲಟ್ ವೇಗ ತಗ್ಗಿಸುತ್ತಾನೆ. ವಿಮಾನವಾಹಕ ನೌಕೆಯಲ್ಲಿ ಎಲ್ಲವೂ ತಿರುಗುಮುರುಗು. ಹಡಗು ಮುಂದೆ ಸರಿಯುತ್ತಲೇ ಇರುತ್ತದೆ, ಡೆಕ್ಕು ಅಲೆಯೊಂದಿಗೆ ಏಳುತ್ತದೆ, ಬೀಳುತ್ತದೆ. ವಿಕ್ರಾಂತ್‌ನಲ್ಲಿ ಇಳಿಯುವ ಪಟ್ಟಿ ಹಡಗಿನ ಉದ್ದಕ್ಕೆ ನೇರವಾಗಿರಲಿಲ್ಲ, ಓರೆಯಾಗಿತ್ತು. ಪೈಲಟ್ ಕನ್ನಡಿಯ ಬೆಳಕನ್ನು ಗುರಿಯಾಗಿಟ್ಟು, ಒಂದೇ ಇಳಿಜಾರಿನಲ್ಲಿ ಬಂದು, ವಿಮಾನದ ಬಾಲದ ಕೊಕ್ಕೆಯನ್ನು ಅಡ್ಡ ಹಾಸಿದ ಉಕ್ಕಿನ ಹಗ್ಗಗಳಲ್ಲಿ ಒಂದಕ್ಕೆ ಸಿಕ್ಕಿಸಬೇಕು. ಗಾಲಿ ಡೆಕ್ಕಿಗೆ ತಾಗಿದ ಕೂಡಲೇ ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಡಬೇಕು. ಕೊಕ್ಕೆ ತಪ್ಪಿತೋ, ಓರೆ ಪಟ್ಟಿಯ ಅಂಚಿನಿಂದ ಮತ್ತೆ ಮೇಲೇರಬೇಕು, ಸುತ್ತು ಹಾಕಿ ಬರಬೇಕು. ನಿಲ್ಲುವ ಹೊತ್ತಿನಲ್ಲೇ ಹಾರಲು ಸಿದ್ಧನಿರುವುದು ಈ ವಿದ್ಯೆಯ ತಿರುಳು. ಇದು ಒಬ್ಬನ ಸಾಹಸವೂ ಅಲ್ಲ. ವಿಮಾನದ ತೂಕಕ್ಕೆ ತಕ್ಕಂತೆ ಹಗ್ಗದ ಬಿಗಿ ಹೊಂದಿಸುವ ನಾವಿಕರಿದ್ದಾರೆ. ಹಡಗನ್ನು ಗಾಳಿಗೆ ಎದುರಾಗಿ ತಿರುಗಿಸುವ ಕ್ಯಾಪ್ಟನ್ ಇದ್ದಾನೆ. ನಾವು ಹಾಡಿ ಹೊಗಳುವ ವೀರಗಾಥೆಯಲ್ಲಿ ಇವರಿಗೆ ಜಾಗವೇ ಇಲ್ಲ.

1984ರ ಡಿಸೆಂಬರ್‌ನಲ್ಲಿ ತಹಿಲಿಯಾನಿ ನೌಕಾಪಡೆಯ ಮುಖ್ಯಸ್ಥರಾದರು. ನೌಕಾ ವೈಮಾನಿಕರಲ್ಲಿ ಆ ಹುದ್ದೆಗೇರಿದವರು ಅವರೇ ಮೊದಲು. ಅವರ ಮೂರು ವರ್ಷಗಳಲ್ಲಿ ಬ್ರಿಟನ್ನಿನ ಹರ್ಮಿಸ್ ನೌಕೆ 'ವಿರಾಟ್' ಆಗಿ ನಮ್ಮ ಪಡೆಗೆ ಬಂತು. 1986ರ ಅಕ್ಟೋಬರ್ 24ರಂದು ಕಾರವಾರದಲ್ಲಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆ ಯೋಜನೆಗೆ ಅಡಿಗಲ್ಲು ಹಾಕಿದರು. ಕನ್ನಡಿಗರಿಗೆ 1961ರ ಇಳಿತಕ್ಕಿಂತ ಈ ಅಡಿಗಲ್ಲು ಮುಖ್ಯ.

ಇಲ್ಲಿ ನಮ್ಮ ಲೇಖಕರೊಂದಿಗೆ ನನಗೆ ಜಗಳವಿದೆ. ಸೀಬರ್ಡ್ ಎಂದೊಡನೆ ಅವರು ತಹಿಲಿಯಾನಿ ಅವರಿಗಿಂತ ಹಿಂದಿನ ಮುಖ್ಯಸ್ಥ ಅಡ್ಮಿರಲ್ ಡಾಸನ್ ಅವರ ಕನಸು ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಮುಂಬೈ ಬಂದರಿನ ಇಕ್ಕಟ್ಟನ್ನೂ ಕಾರವಾರದ ಗುಡ್ಡ, ದ್ವೀಪಗಳ ಆಸರೆಯನ್ನೂ ಡಾಸನ್ ಕಂಡುಕೊಂಡದ್ದು ನಿಜ. ಆದರೆ ಒಬ್ಬ ಮುಖ್ಯಸ್ಥರ ಕನಸು ಮುಂದಿನವರ ಮೇಜಿನ ಮೇಲೆ ಧೂಳು ತಿನ್ನುವುದು ಸರ್ಕಾರದಲ್ಲಿ ಹೊಸದೇನಲ್ಲ. ಇದು ತಿನ್ನಲಿಲ್ಲ. ಆ ಪಾಲು ತಹಿಲಿಯಾನಿ ಅವರಿಗೆ ಸಲ್ಲಬೇಕು.

ಹಾಗೆ ಸಲ್ಲಿಸುವಾಗ ಋಣವನ್ನೂ ಅದೇ ಖಾತೆಗೆ ಬರೆಯಬೇಕು. ನೌಕಾಪಡೆಯ ಹೆಮ್ಮೆಯನ್ನಷ್ಟೇ ಬರೆಯುವವರು ಅರಗಾ, ಬಿಣಗಾ, ಚೆಂಡಿಯಾ ಊರುಗಳ ಹೆಸರೆತ್ತುವುದಿಲ್ಲ. ನೆಲೆಗಾಗಿ 11 ಸಾವಿರಕ್ಕೂ ಹೆಚ್ಚು ಎಕರೆ ಹೋಯಿತು. ನಾಲ್ಕು ಸಾವಿರದಷ್ಟು ಕುಟುಂಬಗಳು ಮನೆ, ಗದ್ದೆ, ಮೀನುಗಾರಿಕೆಯ ದಂಡೆ ಬಿಟ್ಟವು. 1991ರ ಆರ್ಥಿಕ ಬಿಕ್ಕಟ್ಟಿನಲ್ಲಿ ಯೋಜನೆಗೆ ದುಡ್ಡಿಲ್ಲದಂತಾಯಿತು. ಪರಿಹಾರದ ವ್ಯಾಜ್ಯ ದಶಕಗಟ್ಟಲೆ ನಡೆಯಿತು. ಡೆಕ್ಕಿನ ಮೇಲೆ ಕೊಕ್ಕೆ ತಪ್ಪಿದವನಿಗೆ ಇನ್ನೊಂದು ಸುತ್ತಿದೆ. ಒಕ್ಕಲೆದ್ದ ರೈತನಿಗೆ, ಮೀನುಗಾರನಿಗೆ ಅದನ್ನು ಯಾರೂ ಯೋಚಿಸಿ ಇಟ್ಟಿರಲಿಲ್ಲ. ಇದು ಒಬ್ಬ ಅಡ್ಮಿರಲ್ಲರ ತಪ್ಪಲ್ಲ. ಆದರೂ ಅವರ ಕಾಲದ ದೊಡ್ಡ ಕೆಲಸವನ್ನು ತೂಗುವಾಗ ಈ ತೂಕವನ್ನು ತಕ್ಕಡಿಯಿಂದ ತೆಗೆಯಲಾಗದು.

2005ರ ಮೇ 31ರಂದು ಆ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಸೇವೆಗೆ ಬಂತು. ಆಗ ಮುಖ್ಯಸ್ಥರಾಗಿದ್ದ ಅರುಣ್ ಪ್ರಕಾಶ್ ಕೂಡ ನೌಕಾ ವೈಮಾನಿಕರೇ. ಅಡಿಗಲ್ಲಿಗೂ ಇದಕ್ಕೂ ನಡುವೆ ಸುಮಾರು ಹತ್ತೊಂಬತ್ತು ವರ್ಷ. ಕನ್ನಡದಲ್ಲಿ ತಹಿಲಿಯಾನಿ ಅವರ ಬಗ್ಗೆ ಇನ್ನು ಬರೆಯುವವರು ಇಳಿತಕ್ಕೆ ಒಂದು ಪುಟ ಕೊಡಲಿ, ಕಾರವಾರಕ್ಕೆ ಹತ್ತು ಪುಟ ಕೊಡಲಿ, ಆ ಹತ್ತರಲ್ಲಿ ಐದನ್ನು ಒಕ್ಕಲೆದ್ದ ಊರುಗಳಿಗೆ ಮೀಸಲಿಡಲಿ.