‘ಭಿತ್ತಿ’ಯ ಸಾಕ್ಷ್ಯ, ‘ಗೃಹಭಂಗ’ದ ಸಂಯಮ

ಎಸ್.ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ (1996) ಗಳಿಸಿರುವ ಕೀರ್ತಿಯಲ್ಲಿ ಬಹುಪಾಲು ಅದು ಹೇಳುವ ಕಷ್ಟಗಳಿಗೆ ಸಲ್ಲಬೇಕಾದದ್ದೇ ಹೊರತು ಬರವಣಿಗೆಗಲ್ಲ. ಸಂತೇಶಿವರದ ಬಡತನ, ಪ್ಲೇಗು, ಮುಂಬಯಿಯ ಅಲೆದಾಟ ಇವೆಲ್ಲ ಓದುಗರಿಗೆ ತಿಳಿದವೇ ಆದ್ದರಿಂದ ಇಲ್ಲಿ ವಿಚಾರಿಸಬೇಕಾದದ್ದು ಒಂದೇ ಪ್ರಸಂಗ.

ತಾಯಿ ತೀರಿಕೊಂಡ ಮೇಲೆ ಎಳೆಯ ತಮ್ಮನೂ ಸತ್ತಾಗ ಆ ಹೆಣವನ್ನು ಹುಡುಗ ತಾನೇ ಹೆಗಲ ಮೇಲೆ ಹೊತ್ತು ಸ್ಮಶಾನಕ್ಕೆ ನಡೆದದ್ದನ್ನು ‘ಭಿತ್ತಿ’ ದಾಖಲಿಸುತ್ತದೆ. ಅದೇ ಬಾಲ್ಯದಿಂದ ಮೂಡಿದ ‘ಗೃಹಭಂಗ’ದಲ್ಲಿ (1970) ಈ ಪ್ರಸಂಗವಿಲ್ಲ. ಅಲ್ಲಿ ಮಕ್ಕಳಾದ ಪಾರ್ವತಿ, ರಾಮಣ್ಣ ಪ್ಲೇಗಿಗೆ ತುತ್ತಾಗುತ್ತಾರೆ, ತಾಯಿ ನಂಜಮ್ಮ ಸಾಯುತ್ತಾಳೆ, ಉಳಿದ ಮಗ ವಿಶ್ವ ಮಾದೇವಯ್ಯನವರೊಡನೆ ಊರು ಬಿಡುತ್ತಾನೆ. ಹೆಣ ಹೊತ್ತ ಹುಡುಗನನ್ನು ಕಾದಂಬರಿಯೊಳಕ್ಕೆ ತಂದಿದ್ದರೆ ಓದುಗನ ಮರುಕವೆಲ್ಲ ಮಗನ ಕಡೆಗೆ ಹರಿದು, ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನು ಬರೆದು, ಮುತ್ತುಗದ ಎಲೆ ಹಚ್ಚಿ ಸಂಸಾರ ತೂಗಿಸಿದ ನಂಜಮ್ಮ ಪಕ್ಕಕ್ಕೆ ಸರಿದುಬಿಡುತ್ತಿದ್ದಳು. ಇಷ್ಟು ದೊಡ್ಡ ಅನುಭವವನ್ನು ಕೈಬಿಡಿಸಿದ್ದು ದೃಷ್ಟಿಕೋನ, ಎಂದರೆ ಕಥೆಯನ್ನು ಯಾರನ್ನು ನಡುವಿಗಿಟ್ಟು ಕಾಣಬೇಕೆಂಬ ಕಲಾತ್ಮಕ ನಿರ್ಣಯ. ತನ್ನ ಕಥೆಯನ್ನು ತಾನೇ ಹೇಳುವವನಿಗೆ ಅಂಥ ಆಯ್ಕೆಯೇ ಇರುವುದಿಲ್ಲವೆಂದು ಭೈರಪ್ಪನವರ ಪರವಾಗಿ ವಾದಿಸಬಹುದಾದರೂ, ಶೀರ್ಷಿಕೆಯಲ್ಲೇ ತನ್ನನ್ನು ಗೇಲಿ ಮಾಡಿಕೊಳ್ಳುವ ಶಿವರಾಮ ಕಾರಂತರ ಆತ್ಮಕಥೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಇರುವಾಗ ಆ ವಾದ ನಿಲ್ಲದು. ‘ಭಿತ್ತಿ’ಯ ನಿರೂಪಕ ತನ್ನ ನೆನಪನ್ನು ತಾನು ಶಂಕಿಸುವುದು ವಿರಳ, ಉಳಿದವರೆಲ್ಲ ಅವನೆದುರು ಹಾಜರಾದ ಸಾಕ್ಷಿಗಳಂತೆ ಬಂದು ಹೋಗುತ್ತಾರೆ. ಬಾಲ್ಯದ ಪುಟಗಳಲ್ಲಿ ಈ ನಿಶ್ಚಯವೇ ಬಲ, ಏಕೆಂದರೆ ಅಲ್ಲಿ ಸಾವನ್ನು ಕುರಿತು ತರ್ಕಿಸಲು ಏನೂ ಉಳಿದಿಲ್ಲ. ಹುಬ್ಬಳ್ಳಿ, ಗುಜರಾತ್, ದೆಹಲಿಯ ಅಧ್ಯಾಪಕ ವೃತ್ತಿಯ ಕಥನಕ್ಕೆ ಬರುವ ಹೊತ್ತಿಗೆ ಅದು ಬರಿಯ ಸಮರ್ಥನೆಯಾಗುತ್ತದೆ.

ಇದಕ್ಕಿಂತ ಹೆಚ್ಚಿನ ತಪ್ಪು ವಿಮರ್ಶಕರದು. ಅಭಿಮಾನಿಗಳ ಗುಂಪು ಈ ಪುಸ್ತಕವನ್ನು ಮೂಲಶೋಧನೆಗೆ, ಅಂದರೆ ಪಾತ್ರಗಳ ಹಿಂದಿರುವ ನಿಜವ್ಯಕ್ತಿಗಳ ಪತ್ತೆಗೆ ಬಳಸಿದರೆ, ‘ಆವರಣ’ದ (2007) ಅನಂತರ ವಿರೋಧಿಗಳು ಲೇಖಕರ ರಾಜಕೀಯದ ಬೇರುಗಳನ್ನು ಇಲ್ಲಿಯೇ ಕೆದಕತೊಡಗಿದರು, ಪರಸ್ಪರ ಮುಖ ನೋಡದ ಈ ಇಬ್ಬರೂ ಮಾಡಿದ್ದು ಒಂದೇ ಕೆಲಸ, ವಾಕ್ಯಗಳನ್ನು ಓದದೆ ಮಾಹಿತಿ ಹೆಕ್ಕಿದ್ದು. ಕಾದಂಬರಿಗೆ ಅಂಥ ಮಾಹಿತಿಯ ಹಂಗಿಲ್ಲ: ಜಮಖಂಡಿ ಸೀಮೆಯ ರಾವಬಹಾದ್ದೂರರ ‘ಗ್ರಾಮಾಯಣ’ದಲ್ಲಿ (1957) ಹಳ್ಳಿಯೊಂದು ಹಾಳಾಗುವ ಬಗೆಯನ್ನು ಲೋಕಾಪುರ, ಮುಧೋಳದ ಕಡೆಯ ಓದುಗ ಲೇಖಕರ ಜೀವನವೃತ್ತಾಂತದ ನೆರವಿಲ್ಲದೆಯೇ ಗುರುತಿಸಬಲ್ಲ. ನಂಜಮ್ಮನಿಗೂ ಆ ನೆರವು ಬೇಕಾಗಿರಲಿಲ್ಲ; ‘ಭಿತ್ತಿ’ ಅಚ್ಚಾಗುವ ಹೊತ್ತಿಗೆ ಅವಳು 26 ವರ್ಷಗಳಿಂದ ಕನ್ನಡದ ಮನೆಗಳಲ್ಲಿ ಓಡಾಡಿಕೊಂಡಿದ್ದಳು.