ಷೋರೂಮಿಗೆ ಮೊದಲು ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗಿ

ಕತಾರಿನಲ್ಲಿ ವಿದ್ಯುತ್ ಎಸ್‌ಯುವಿ ಕೊಳ್ಳಬೇಕೆಂದಿರುವ ಕನ್ನಡಿಗರಿಗೆ ನಾನು ಹೇಳುವ ಮೊದಲ ಮಾತು ಇದು: ಷೋರೂಮು ಆಮೇಲೆ ನೋಡಿ, ಮೊದಲು ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಸುತ್ತು ಹಾಕಿ. ಸಲ್ವಾ ರೋಡಿನ ದಕ್ಷಿಣಕ್ಕೆ, ಹೆಸರಿನ ಬದಲು ನಂಬರು ಹೊತ್ತ ಆ ಸ್ಟ್ರೀಟುಗಳಲ್ಲಿ ಗ್ಯಾರೇಜು, ಟಯರ್ ಅಂಗಡಿ, ಎಸಿ ರಿಪೇರಿ, ಡೆಂಟಿಂಗ್-ಪೇಂಟಿಂಗ್ ಒಂದಕ್ಕೊಂದು ಅಂಟಿಕೊಂಡಿವೆ. ಲ್ಯಾಂಡ್ ಕ್ರೂಸರ್, ಪ್ಯಾಟ್ರೋಲ್‌ಗಳ ಬಿಡಿಭಾಗ ಹೊಸದೂ ಸಿಗುತ್ತದೆ, ಹಳೆಯದೂ ಸಿಗುತ್ತದೆ. ಖಾತರಿ ಮುಗಿದ ಮೇಲೆ ಕಾರಿನ ಆಯುಸ್ಸನ್ನು ನಿರ್ಧರಿಸುವ ಜಾಗ ಅದು. ವಿದ್ಯುತ್ ಕಾರನ್ನೂ ಅದೇ ಕಣ್ಣಿನಿಂದ ಅಳೆಯಬೇಕು ಎಂಬುದು ನನ್ನ ಪಟ್ಟು.

ಈ ವಾರದ ಜೋಡಿ ಬಿವೈಡಿ ಆಟ್ಟೊ 3 ಮತ್ತು ಟೆಸ್ಲಾ ಮಾಡೆಲ್ ವೈ. ಊರಿನ ಓದುಗರಿಗೂ ಇವೆರಡೂ ಹೊಸತಲ್ಲ. ಮೊದಲನೆಯದು ಭಾರತಕ್ಕೆ 2022ರ ನವೆಂಬರಿನಲ್ಲಿ ಬಂತು, ಎರಡನೆಯದು 2025ರ ಜುಲೈಯಲ್ಲಿ.

ಇಂಧನದ ಲೆಕ್ಕ ಬೇಗ ಮುಗಿಯುತ್ತದೆ. ಇಲ್ಲಿ ಪೆಟ್ರೋಲು ಲೀಟರಿಗೆ ಎರಡು ರಿಯಾಲಿನ ಆಸುಪಾಸು. ಹತ್ತು ಕಿಲೋಮೀಟರ್ ಮೈಲೇಜಿನ ಪೆಟ್ರೋಲ್ ಎಸ್‌ಯುವಿ ನೂರು ಕಿಲೋಮೀಟರಿಗೆ 20 ರಿಯಾಲು ನುಂಗುತ್ತದೆ. ಈ ಎರಡು ಕಾರುಗಳಿಗೂ ಚಾರ್ಜಿಂಗ್ ನಷ್ಟ ಸೇರಿ ಸುಮಾರು 20 ಯೂನಿಟ್ ಸಾಕು. ಇಲ್ಲಿನ ವಿದ್ಯುತ್ ಸಂಸ್ಥೆ ಕಹ್ರಮಾದ ಮನೆ ಬಳಕೆಯ ದರ ಕೆಳ ಹಂತದಲ್ಲಿ ಯೂನಿಟ್‌ಗೆ 11 ದಿರ್ಹಮ್ (ನೂರು ದಿರ್ಹಮಿಗೆ ಒಂದು ರಿಯಾಲು), ಬಳಕೆ ಹೆಚ್ಚಿದಂತೆ ಏರುತ್ತದೆ. ಮೂರು ರಿಯಾಲು ಎಂದೇ ಹಿಡಿಯಿರಿ. ವರ್ಷಕ್ಕೆ 20,000 ಕಿಲೋಮೀಟರ್ ಓಡಿಸುವವರಿಗೆ ಸುಮಾರು 3,400 ರಿಯಾಲು ಉಳಿತಾಯ. ಲೀಟರಿಗೆ ನೂರು ರೂಪಾಯಿ ದಾಟಿರುವ ಬೆಂಗಳೂರಿನಲ್ಲಿ ಅಷ್ಟೇ ಓಡಾಟಕ್ಕೆ ಉಳಿಯುವ ಹಣದ ಅರ್ಧವೂ ಇದಲ್ಲ. (ಅಲ್ಲಿ 25 ಲಕ್ಷ ಮೀರಿದ ವಿದ್ಯುತ್ ಕಾರಿಗೆ 2024ರಲ್ಲಿ ಶೇ 10ರ ಜೀವಾವಧಿ ತೆರಿಗೆ ಬಂತು, ಈ ಎರಡರ ಲೆಕ್ಕ ಹಾಕುವವರು ಅದನ್ನು ಮರೆಯಬಾರದು.) ಹಾಗಾಗಿ ಇಲ್ಲಿ ಪೆಟ್ರೋಲು ಉಳಿಸಲೆಂದೇ ದುಬಾರಿ ಕಾರು ಕೊಳ್ಳುವುದರಲ್ಲಿ ಅರ್ಥವಿಲ್ಲ.

ಅದಕ್ಕಿಂತ ದೊಡ್ಡ ಪ್ರಶ್ನೆ ಪ್ಲಗ್ಗಿನದು. ನಜ್ಮಾ, ಮನ್ಸೂರಾ, ಬಿನ್ ಮಹಮೂದ್ ಕಡೆಯ ಫ್ಲ್ಯಾಟುಗಳಲ್ಲಿರುವ ನಮ್ಮವರು ಕಾರನ್ನು ಬೀದಿಬದಿಯಲ್ಲೋ ಸಿಕ್ಕ ಖಾಲಿ ಜಾಗದಲ್ಲೋ ನಿಲ್ಲಿಸುತ್ತಾರೆ. ಬಾಡಿಗೆ ಕರಾರಿನಲ್ಲಿ ಕಹ್ರಮಾ ಬಿಲ್ಲು ಮಾಲೀಕರದ್ದಾಗಿದ್ದರೆ, ಕಾರಿಗೆ ಕರೆಂಟು ಎಳೆಯಲು ಅವರ ಒಪ್ಪಿಗೆ ಬೇಕು. ಅದು ಬರವಣಿಗೆಯಲ್ಲಿ ಸಿಗದಿದ್ದರೆ ಎರಡೂ ಕಾರು ಬೇಡ. ವಿಲ್ಲಾದಲ್ಲಿ ಸ್ವಂತ ಪ್ಲಗ್ ಇದ್ದವರಿಗೆ ಮಾತ್ರ ಹಾದಿ ಸುಗಮ. ಸಾಮಾನ್ಯ 13 ಆಂಪಿಯರ್ ಸಾಕೆಟ್ಟಿನಿಂದಲೂ ಒಂದು ರಾತ್ರಿಗೆ ನೂರು ಕಿಲೋಮೀಟರಿಗೆ ಮೀರಿ ತುಂಬುತ್ತದೆ. ದೋಹಾದಿಂದ ಅಬು ಸಮ್ರಾ ಗಡಿಗೆ ನೂರು ಕಿಲೋಮೀಟರ್ ಹತ್ತಿರ, ಉತ್ತರದ ರುವೈಸ್‌ಗೂ ಹೆಚ್ಚುಕಡಿಮೆ ಅಷ್ಟೇ. ಆಟ್ಟೊ 3ರ 60.48 ಯೂನಿಟ್ ಬ್ಯಾಟರಿಗೆ ಯುರೋಪಿನ ಪರೀಕ್ಷೆ ಕೊಟ್ಟ 420 ಕಿಲೋಮೀಟರಿನಲ್ಲಿ ಬೇಸಗೆಯ ಎಸಿಯೂ ಹೆದ್ದಾರಿಯ ವೇಗವೂ ದೊಡ್ಡ ಪಾಲು ಕಿತ್ತುಕೊಂಡರೂ ಈ ದೇಶದೊಳಗೆ ದಾರಿಯಲ್ಲಿ ಕೈಕೊಡುವ ಭಯವಿಲ್ಲ. ಗಡಿ ದಾಟಿ ಸೌದಿಗೆ ಆಗಾಗ ಹೋಗುವವರಿಗೆ ಮಾತ್ರ ದೊಡ್ಡ ಬ್ಯಾಟರಿಯ ಮಾಡೆಲ್ ವೈ ಬೇಕಾದೀತು. ಅದು ವೇಗದ ಚಾರ್ಜರಿನಲ್ಲಿ ಆಟ್ಟೊ 3ಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಕರೆಂಟು ಹೀರಬಲ್ಲದು.

ಈಗ ಸೆಕೆಯ ಮಾತು. ಇಲ್ಲಿ ಕಾರನ್ನು ಪರೀಕ್ಷಿಸುವುದು ಜುಲೈ ತಿಂಗಳು. ಆಟ್ಟೊ 3ರ ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್. ಬಿಸಿ ತಾಳುವುದರಲ್ಲಿ ನಿಕ್ಕಲ್ ಬೆರೆತ ಬ್ಯಾಟರಿಗಿಂತ ಗಟ್ಟಿ, ಆಗಾಗ ಪೂರ್ತಿ ತುಂಬಿಸಲೂಬಹುದು. ಮಾಡೆಲ್ ವೈಯಲ್ಲಿ ಹಿಂಚಕ್ರ ಚಾಲನೆಯ ಅಗ್ಗದ ಮಾದರಿಗೆ ಫಾಸ್ಫೇಟ್ ಬ್ಯಾಟರಿ ಬಂದಿದೆ, ಲಾಂಗ್ ರೇಂಜ್‌ನದು ನಿಕ್ಕಲ್ಲಿನದು. ಅದನ್ನು ದಿನನಿತ್ಯ ಶೇ 80ಕ್ಕೆ ನಿಲ್ಲಿಸಬೇಕು. 2022ರ ವಿಶ್ವಕಪ್‌ಗೆಂದು ಇಲ್ಲಿಗೆ ಬಂದ ಯುಟಾಂಗ್ ಕಂಪನಿಯ 888 ವಿದ್ಯುತ್ ಬಸ್ಸುಗಳನ್ನು ಕಂಡವರಿಗೆ ಈ ಬಿಸಿಲಿನಲ್ಲಿ ಬ್ಯಾಟರಿ ಗಾಡಿ ಓಡೀತೇ ಎಂಬ ಅನುಮಾನ ಉಳಿಯಬೇಕಿಲ್ಲ. ಅನುಮಾನ ಇರಬೇಕಾದದ್ದು ಎಸಿಯ ಬಗ್ಗೆ. ವಿದ್ಯುತ್ ಕಾರಿನಲ್ಲಿ ಎಸಿ ಕೆಟ್ಟರೆ ಬೆವರುವುದು ನಾವಷ್ಟೇ ಅಲ್ಲ, ಬ್ಯಾಟರಿಯನ್ನು ತಂಪಾಗಿಡುವ ಕೆಲಸವೂ ಅದರದ್ದೇ. ಆಟ್ಟೊ 3ರಲ್ಲಿ ಎಸಿಯ ಗ್ಯಾಸೇ ನೇರವಾಗಿ ಬ್ಯಾಟರಿಯ ತಟ್ಟೆಯೊಳಗೆ ಹರಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಹೈವೋಲ್ಟೇಜ್ ಕಂಪ್ರೆಸರಿಗೆ ಕರೆಂಟು ಹರಿಯಗೊಡದ ಪಿಒಇ ಎಣ್ಣೆಯೇ ಬೇಕು. ಪೆಟ್ರೋಲ್ ಕಾರಿಗೆ ಹಾಕುವ ಪಿಎಜಿ ಎಣ್ಣೆ ಸ್ವಲ್ಪ ಸೇರಿದರೂ ಒಳಗಿನ ಇನ್ಸುಲೇಶನ್ ಹಾಳಾಗಿ ಕಾರು ಓಡಲು ನಿರಾಕರಿಸಬಹುದು. ಕರಾವಳಿಯ ಮೆಕ್ಯಾನಿಕ್ ಒಬ್ಬರು ನನಗೆ ಇದನ್ನು ಒಂದೇ ಮಾತಿನಲ್ಲಿ ಹೇಳಿದರು: “ಗ್ಯಾಸು ತುಂಬಿಸ್ಲಿಕ್ಕೆ ಯಾರಿಗೂ ಬರ್ತದೆ ಮಾರಾಯ್ರೇ, ಈ ಗಾಡಿಗೆ ಮಿಷನ್ನೇ ಬೇರೆ ಇಡ್ಬೇಕು.” ಆ ಬೇರೆ ಮಿಷನ್ ಇಟ್ಟಿರುವ ಗ್ಯಾರೇಜು ಯಾವುದೆಂದು ಕೇಳಿಟ್ಟುಕೊಳ್ಳಿ. ಪಂಕ್ಚರಿಗೂ ಇದೇ ಜಾಗ್ರತೆ. ಎರಡರಲ್ಲೂ ಸ್ಟೆಪ್ನಿ ಇಲ್ಲ, ತಳದ ತುಂಬ ಬ್ಯಾಟರಿ. ಜಾಕನ್ನು ಗೊತ್ತುಮಾಡಿದ ನಾಲ್ಕು ಜಾಗ ಬಿಟ್ಟು ಬೇರೆಲ್ಲೂ ಕೊಡಬಾರದು. ಹುಡುಗ ಜಾಕ್ ತರುವಾಗ ಪಕ್ಕದಲ್ಲಿ ನಿಂತು ತೋರಿಸಿ.

ಟಿಂಕರಿಂಗ್ ಕೆಲಸದಲ್ಲಿ ಆಟ್ಟೊ 3 ಮುಂದೆ. ಅದರ ಮೈ ನಮ್ಮ ಕೆಲಸಗಾರರು ಬಲ್ಲ ತಗಡಿನದು. ಮಾಡೆಲ್ ವೈಯ ಹಿಂಭಾಗದ ತಳ ಅಲ್ಯೂಮಿನಿಯಂನ ಒಂದೇ ದೊಡ್ಡ ಎರಕ. ಜೋರಾಗಿ ಗುದ್ದಿಸಿಕೊಂಡರೆ ಅದನ್ನು ಎಳೆದು ಸರಿಮಾಡಲಾಗದು, ಇನ್ಶೂರೆನ್ಸ್ ಕಂತಿನಲ್ಲಿ ಆ ಭಾರ ಕಾಣಿಸೀತು. ಟಯರಿನಲ್ಲೂ ಹಾಗೆಯೇ: ಆಟ್ಟೊ 3ರ 18 ಇಂಚಿನದಕ್ಕಿಂತ ಮಾಡೆಲ್ ವೈಯ ಅಗಲವಾದ 19 ಇಂಚಿನದಕ್ಕೆ ಹೆಚ್ಚು ಹಣ ಬೇಕು. ಆಟ್ಟೊ 3ರ ಗಾಜಿನ ಛಾವಣಿಗೆ ಎಳೆಯುವ ಪರದೆ ಇದೆ, ಟೆಸ್ಲಾದ್ದಕ್ಕೆ ಇಲ್ಲ. ಆದರೆ ಊರಿಗೆ ಹೊರಟ ಸಂಸಾರವನ್ನು ಹಮದ್ ವಿಮಾನ ನಿಲ್ದಾಣಕ್ಕೆ ಬಿಡುವ ರಾತ್ರಿ ಮಾಡೆಲ್ ವೈಯ ಬೆಲೆ ತಿಳಿಯುತ್ತದೆ: ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳು 850 ಲೀಟರಿನ ಡಿಕ್ಕಿಯಲ್ಲಿ ಕೂರುತ್ತವೆ, ಬಾನೆಟ್ಟಿನಡಿ ಇನ್ನಷ್ಟು ಜಾಗ. ಆಟ್ಟೊ 3ರದು 440 ಲೀಟರ್.

ಕೊನೆಗೆ ಎಲ್ಲಕ್ಕಿಂತ ದೊಡ್ಡ ಖರ್ಚು, ಮಾರುವಾಗ ಕಳೆದುಕೊಳ್ಳುವ ಬೆಲೆ. ಗಲ್ಫಿನಲ್ಲಿ ನಮ್ಮ ಕೆಲಸಕ್ಕೆ ಭದ್ರತೆ ಕಡಿಮೆ. ಫೈನಲ್ ಎಕ್ಸಿಟ್ ಎಂದರೆ ಕೆಲವೇ ವಾರಗಳಲ್ಲಿ ಸಾಲ ತೀರಿಸಿ, ಟ್ರಾಫಿಕ್ ದಂಡ ಕಟ್ಟಿ, ಇಸ್ತಿಮಾರ (ಕಾರಿನ ನೋಂದಣಿ ಪತ್ರ) ಬೇರೆಯವರ ಹೆಸರಿಗೆ ಬರೆಸಬೇಕು. ಆ ಹೊತ್ತಿಗೆ ಕಡಿಮೆ ಹಣ ಹೂಡಿದವರಿಗೆ ಕಡಿಮೆ ಪೆಟ್ಟು. ಆದ್ದರಿಂದ ಸ್ವಂತ ಪ್ಲಗ್ ಇರುವ, ದೋಹಾದೊಳಗೇ ಓಡಾಡುವ ಸಂಸಾರಕ್ಕೆ ನನ್ನ ಆಯ್ಕೆ ಆಟ್ಟೊ 3; ಅದನ್ನೂ ಹೊಸದಾಗಿ ಕೊಳ್ಳುವುದಕ್ಕಿಂತ ಎರಡು-ಮೂರು ವರ್ಷದ ಒಳ್ಳೆಯ ಸೆಕೆಂಡ್ ಹ್ಯಾಂಡ್ ಹುಡುಕಿ. ಎಂಟು ವರ್ಷದ ಬ್ಯಾಟರಿ ಖಾತರಿಯಲ್ಲಿ ಐದಾರು ವರ್ಷ ಇನ್ನೂ ಉಳಿದಿರುತ್ತದೆ. ಹಣ ಕೊಡುವ ಮುಂಚೆ ಚಾರ್ಜಿಂಗ್ ಮುಚ್ಚಳ ತೆರೆದು ನೋಡಿ. ಇದೇ ಕಾರು ಚೀನಾದಲ್ಲಿ ಯುವಾನ್ ಪ್ಲಸ್ ಹೆಸರಿನಲ್ಲಿ ಮಾರಾಟವಾಗುತ್ತದೆ. ಬೇರೆ ದಾರಿಯಿಂದ ಗಲ್ಫಿಗೆ ಬಂದ ಅಂಥ ಗಾಡಿಯಲ್ಲಿ ಸಿಸಿಎಸ್ 2 ಬದಲು ಚೀನಾದ ಜಿಬಿ/ಟಿ ಸಾಕೆಟ್ ಇರುತ್ತದೆ, ಅಧಿಕೃತ ಖಾತರಿ ಇರುವುದಿಲ್ಲ. ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.