ಚೆಂಡೆಯ ಅಬ್ಬರ, ಭಾಗವತರ ದನಿ

ಕೋಟೇಶ್ವರದ ಕಡೆಯ ಬಯಲಾಟಕ್ಕೆ ಹೋದವರನ್ನು ಮೊದಲು ಎದುರುಗೊಳ್ಳುವುದು ವೇಷವಲ್ಲ, ಚೆಂಡೆಯ ಸದ್ದು. ಅದನ್ನು ಬರೀ ಗದ್ದಲ ಎನ್ನುವವರಿದ್ದಾರೆ. 1981ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ 'ಸೋನಿಕ್ ಯೂತ್' ಎಂಬ ರಾಕ್ ತಂಡ ಗಿಟಾರಿನ ತಂತಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿ ಕರ್ಕಶವನ್ನೇ ಸಂಗೀತವಾಗಿಸಿತು. ನಮ್ಮ ಹಿಮ್ಮೇಳಕ್ಕೆ ಈ ಮಾತು ಹೊಸದೇನಲ್ಲ.

ಮದ್ದಳೆ ಹಾಡಿನ ಜೊತೆಗಾರ. ಚೆಂಡೆಯ ಜಾಗ ಒಡ್ಡೋಲಗ, ಯುದ್ಧ. ಮೈಕ್ ಇಲ್ಲದ ಕಾಲದಲ್ಲಿ ಅದನ್ನು ಮೀರಿ ಕೇಳಿಸಬೇಕಾದ ಭಾಗವತರು ಏರುಶ್ರುತಿಯನ್ನೇ ಹಿಡಿಯಬೇಕಿತ್ತು. ಮೈಕ್ ಬಂದ ಮೇಲೆ ತಗ್ಗಿದ ದನಿಯೂ ಕೊನೆಯ ಸಾಲಿಗೆ ಮುಟ್ಟಿತು. ಸಾಲಿಗ್ರಾಮ ಮೇಳದ ಗುಂಡ್ಮಿ ಕಾಳಿಂಗ ನಾವಡರ ಆಲಾಪಕ್ಕೆ ಜನ ಮುಗಿಬಿದ್ದದ್ದು ಈ ಹೊಸ ಅನುಕೂಲದಲ್ಲಿಯೇ. 1990ರಲ್ಲಿ ರಸ್ತೆ ಅಪಘಾತ ಅವರನ್ನು ಒಯ್ದಿತು; ವಯಸ್ಸು ಮೂವತ್ತರ ಆಸುಪಾಸು.

ಕೋಟದ ಶಿವರಾಮ ಕಾರಂತರು ಬೇರೆ ದಾರಿ ಹಿಡಿದು ಪಿಟೀಲು, ಸ್ಯಾಕ್ಸೋಫೋನ್ ತಂದರು. ಸೊಗಸೇನೋ ಬಂತು, ಬಯಲಿನ ಕಸುವು ಮಾತ್ರ ಕಡಿಮೆಯಾಯಿತೆಂದು ನನ್ನ ಅನಿಸಿಕೆ. ಹಾಗೆಂದು ಅಬ್ಬರಕ್ಕೆಲ್ಲ ತಲೆದೂಗಲಾರೆ. ಈಗ ಚೆಂಡೆಗೂ ಮೈಕ್ ಹಿಡಿದು, ಹಾಡಿಗೆ ಸಿಕ್ಕಿದ್ದ ಬಿಡುವನ್ನು ಮತ್ತೆ ಕಿತ್ತುಕೊಳ್ಳುವುದಿದೆ. ಪದ್ಯವೇ ಕೇಳಿಸದಿದ್ದರೆ ವೇಷಧಾರಿ ಯಾವುದಕ್ಕೆ ಅರ್ಥ ಹೇಳಬೇಕು?